ಹದಿನಾಲ್ಕು ಕಂಪನಿಗಳ ಒಂದೇ ದನಿ

ಈ ವರ್ಷದ ಏಪ್ರಿಲಿನಲ್ಲಿ ನಮ್ಮ ಕಟ್ಟಡದಲ್ಲಿ ಒಬ್ಬರು ನಿವೃತ್ತರಾದರು. ಒಂದೇ ದಿನ, ಒಂದೇ ಗಳಿಗೆಯಲ್ಲಿ, ಹದಿನಾಲ್ಕು ಕಂಪನಿಗಳಿಂದ. ಬೀಳ್ಕೊಡುಗೆಗೆ ಏನು ಕೊಡುವುದೆಂದು ಹದಿನಾಲ್ಕು ಕಂಪನಿಯವರೂ ಬೇರೆ ಬೇರೆಯಾಗಿ, ಗುಟ್ಟಾಗಿ ಯೋಚಿಸಿ, ಹದಿನಾಲ್ಕು ಶಾಲು ತಂದಿದ್ದರು. ಹೊರಗೆ ಚಾಮರಾಜಪೇಟೆಯ ಡಾಂಬರು ಮೆತ್ತಗಾಗುವಂಥ ಬಿಸಿಲು. ಒಬ್ಬೊಬ್ಬರಾಗಿ ಹೊದಿಸುತ್ತ ಹೋದೆವು. ಒಂಬತ್ತನೆಯ ಶಾಲಿನ ಹೊತ್ತಿಗೆ ಅವರ ಮುಖ ಮಾತ್ರ ಕಾಣುತ್ತಿತ್ತು. ಹದಿನಾಲ್ಕನೆಯದರ ಹೊತ್ತಿಗೆ ಕನ್ನಡಕ ಮಾತ್ರ. ಆ ರಾಶಿಯೊಳಗಿನಿಂದ ದನಿ ಬಂತು: "ಎಲ್ರೂ ಸೇರಿ ಒಂದು ಫ್ಯಾನ್ ತಂದಿದ್ರೆ ಆಗ್ತಿರ್ಲಿಲ್ವಾ?"

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರದೇ ಷರತ್ತು. "ನನ್ನ ಬಗ್ಗೆ ಬರಿಯೋದಾದ್ರೆ ಬರೀರಿ, ಹೆಸರು ಮಾತ್ರ ಹಾಕ್ಬೇಡಿ. ನಲವತ್ತು ವರ್ಷ ಫೋನ್ ಮುಂದೆ ಕೂತಿದೀನಿ, ಯಾರೂ ಹೆಸರು ಕೇಳ್ಲಿಲ್ಲ. ಚೆನ್ನಾಗೇ ಇತ್ತು" ಅಂದಿದ್ದರು. ನಾವೆಲ್ಲ ಕರೆಯುತ್ತಿದ್ದುದು ಮೇಡಂ ಎಂದು. ಹಾಗೇ ಬರೆಯುತ್ತೇನೆ.

ನಾನು, ನನ್ನ ತಮ್ಮ ನಾಗೇಶ ಅವರ ಕೈಗೆ ಸಿಕ್ಕಿದ್ದು ರೈಲಿನ ದೆಸೆಯಿಂದ. ನಮ್ಮ ಮನೆ ಓಕಳಿಪುರದಲ್ಲಿ, ಹಳಿಗೆ ಎಷ್ಟು ಹತ್ತಿರ ಎಂದರೆ ಗಾಡಿ ಹೋಗುವಾಗ ಒಲೆಯ ಮೇಲಿನ ಸಾರು ತಾನಾಗಿ ಕದಡುತ್ತದೆ. ಅಪ್ಪ ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ ಮಾಡಿದವರು. ನಾನು ಒಂದು ಶಾಲೆಯ ಆಫೀಸಿನಲ್ಲಿದ್ದೆ. ನಾಗೇಶ ದೊಡ್ಡ ಲಿಫ್ಟ್ ಕಂಪನಿಯೊಂದರಲ್ಲಿ ಹನ್ನೆರಡು ವರ್ಷ ಮೆಕ್ಯಾನಿಕ್ಕಾಗಿದ್ದು, ಒಂದು ದಿನ ಕೆಲಸ ಬಿಟ್ಟು ಬಂದು, "ಅಕ್ಕ, ನಾವೇ ಶುರು ಮಾಡೋಣ" ಅಂದ. ನಾನೂ ಬಿಟ್ಟೆ. ಹೆಸರಿಟ್ಟವರು ಅಪ್ಪ. "ಏಣಿ ಅಂತಿಡಿ. ಎಲ್ರಿಗೂ ಅರ್ಥ ಆಗತ್ತೆ" ಅಂದರು. ಲಿಫ್ಟ್ ಕಂಪನಿಗೆ ಏಣಿ ಎಂದು ಹೆಸರಿಟ್ಟವರು ಪ್ರಪಂಚದಲ್ಲಿ ನಾವೊಬ್ಬರೇ ಇರಬೇಕು. ಏಣಿ ಲಿಫ್ಟ್ ಸರ್ವೀಸಸ್ ಹುಟ್ಟಿತು, ನಮ್ಮ ನಡುಮನೆಯಲ್ಲಿ.

ಗಿರಾಕಿಗಳು ಫೋನ್ ಮಾಡಿದಾಗಲೆಲ್ಲ ರೈಲು ಬರುತ್ತಿತ್ತು. ನಾನು "ಒಂದ್ನಿಮಿಷ ಸರ್" ಎಂದು ಕಿರುಚುತ್ತಿದ್ದೆ, ಆ ಕಡೆಯವರು "ಯಾವ ಪ್ಲಾಟ್‌ಫಾರಮ್ಮಲ್ಲಿದೀರ?" ಎಂದು ಕಿರುಚುತ್ತಿದ್ದರು. ಬಸವನಗುಡಿಯ ಒಂದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ, "ನೀವು ಊರಿಂದ ವಾಪಸ್ ಬಂದ್ಮೇಲೆ ಮಾತಾಡೋಣ ಬಿಡಿ" ಎಂದು ಫೋನಿಟ್ಟ ದಿನ, ಆಫೀಸು ಬಾಡಿಗೆಗೆ ಹಿಡಿಯಲೇಬೇಕೆಂದು ತೀರ್ಮಾನವಾಯಿತು.

ಎಂ. ಜಿ. ರಸ್ತೆಯ ಕಡೆ ವಿಚಾರಿಸಿದೆವು. ಅಲ್ಲಿ ಗಾಜಿನ ಕಟ್ಟಡಗಳಲ್ಲಿ ಮೇಜು, ಕುರ್ಚಿ, ಫೋನು, ಕಾಫಿ ಎಲ್ಲ ಸೇರಿಸಿ ತಿಂಗಳ ಬಾಡಿಗೆಗೆ ಕೊಡುತ್ತಾರೆ. ಸರ್ವೀಸ್ಡ್ ಆಫೀಸ್ ಅನ್ನುತ್ತಾರೆ. ಬಾಡಿಗೆ ಕೇಳಿ ನಾಗೇಶ ಆ ಕಟ್ಟಡದ ಲಿಫ್ಟನ್ನು ಮಾತ್ರ ಚೆನ್ನಾಗಿ ನೋಡಿಕೊಂಡು ವಾಪಸು ಬಂದ. ಆಮೇಲೆ ಯಾರೋ ಚಾಮರಾಜಪೇಟೆಯ ವಿಳಾಸ ಕೊಟ್ಟರು.

ಅಲ್ಲಿನ ಮಾಲೀಕರದು ಪೇಟೆಯಲ್ಲಿ ಮೂರು ತಲೆಮಾರಿನ ಬಟ್ಟೆ ವ್ಯಾಪಾರದ ಮನೆತನ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಎರಡು ಮೊಬೈಲು. ತಾತನ ಬಟ್ಟೆ ಗೋದಾಮಿನ ಎರಡನೆಯ, ಮೂರನೆಯ ಮಹಡಿಗಳನ್ನು ಗಾಜಿನ ಗೂಡುಗಳಾಗಿ ಕತ್ತರಿಸಿದ್ದರು. ನನ್ನನ್ನು ಕಿಟಕಿಗೆ ಕರೆದುಕೊಂಡು ಹೋಗಿ ರಸ್ತೆ ತೋರಿಸಿದರು.

"ನೋಡಿ, ಲಂಡನ್ನಲ್ಲಿ ಫೈನಾನ್ಷಿಯಲ್ ಡಿಸ್ಟ್ರಿಕ್ಟ್ ಅಂತ ಇರತ್ತೆ. ಇದು ಬೆಂಗಳೂರಿಂದು. ಎಣಿಸಿ. ಅದು ಬ್ಯಾಂಕು. ಅದು ಸೊಸೈಟಿ ಬ್ಯಾಂಕು. ಅದು ಚೀಟಿ ಕಂಪನಿ. ಅದು ಇನ್ಶೂರೆನ್ಸು. ಆ ಮೂಲೆಲಿ ಇಬ್ರು ಆಡಿಟರ್ಸು."

"ಮಧ್ಯದಲ್ಲಿರೋದು?"

"ಅದು ಗೊಜ್ಜವಲಕ್ಕಿ. ಅವರೂ ಬೇಕಲ್ಲ."

ನಮ್ಮ ಗೂಡಿನಲ್ಲಿ ಎರಡು ಕುರ್ಚಿ ಹಾಕಿದರೆ ಮುಗಿಯಿತು. ಮೂರನೆಯವರು ಬಂದರೆ ಒಬ್ಬರು ಎದ್ದು ನಿಲ್ಲಬೇಕು. ಗಾಜನ್ನು ಎಷ್ಟು ಒರೆಸಿದರೂ ಹಳೆಯ ಬಟ್ಟೆ ಮೂಟೆಯ ವಾಸನೆ ಹೋಗುತ್ತಿರಲಿಲ್ಲ. ಆದರೆ ಬಾಡಿಗೆಯಲ್ಲಿ ಏನೆಲ್ಲ ಸೇರಿತ್ತು! ಕೆಳಗಿನ ಬೋರ್ಡಿನಲ್ಲಿ ನಮ್ಮ ಹೆಸರು, ದಿನಕ್ಕೆ ಎರಡು ಸಲ ಫಿಲ್ಟರ್ ಕಾಫಿ, ಮುಂಗಡ ಹೇಳಿದರೆ ಮೀಟಿಂಗ್ ರೂಮು. ಮತ್ತೆ, ಎರಡನೆಯ ಮಹಡಿಯಲ್ಲಿ ಲಿಫ್ಟಿನ ಎದುರಿಗೇ ಒಂದು ಮೇಜು, ಮೇಜಿನ ಮೇಲೆ ಹದಿನಾಲ್ಕು ಪುಟ್ಟ ದೀಪಗಳಿದ್ದ ಫೋನು, ಫೋನಿನ ಹಿಂದೆ ಮೇಡಂ.

ಆಗ ಅವರಿಗೆ ಅರವತ್ತರ ಹತ್ತಿರ. ಶಂಕರಪುರದಿಂದ ಕೊಡೆ ಹಿಡಿದು ನಡೆದು ಬರುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು, ಸ್ವಯಂನಿವೃತ್ತಿ ತೆಗೆದುಕೊಂಡು, ಮನೆಯಲ್ಲಿ ಮೂರು ತಿಂಗಳು ಕೂತು, "ಯಾರೂ ಫೋನೇ ಮಾಡಲ್ಲ, ಇದೇನು ಬಾಳು" ಎಂದು ಇಲ್ಲಿಗೆ ಬಂದವರು. ಮೊದಲ ದಿನ ನನ್ನನ್ನು ಕೂರಿಸಿಕೊಂಡು ಕೇಳಿದರು:

"ನಿಮ್ಮ ಕಂಪನಿಗೆ ಯಾವ ದನಿ ಬೇಕು?"

"ದನಿನಾ ಮೇಡಂ?"

"ಮತ್ತೆ? ಅಗರಬತ್ತಿ ಎಕ್ಸ್‌ಪೋರ್ಟ್ ಮಾಡೋರಿಗೂ ಟ್ಯಾಕ್ಸ್ ಕನ್ಸಲ್ಟೆಂಟಿಗೂ ಒಂದೇ ದನಿ ಕೊಡಕ್ಕಾಗತ್ತಾ?" ಸ್ವಲ್ಪ ಯೋಚಿಸಿದರು. "ಲಿಫ್ಟ್ ಕೆಟ್ಟು ಫೋನ್ ಮಾಡೋರು ಹೆದರಿರ್ತಾರೆ. ನಿಮಗೆ ತಣ್ಣಗಿರೋದು ಬೇಕು. ಮಜ್ಜಿಗೆ ಥರ."

ದೀಪ ಹೊತ್ತಿದ ಕೂಡಲೇ ಮೇಡಂ ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು, ಕಾಣದವರಿಗೆ ಒಂದು ನಗೆ ಬೀರಿ ಆಮೇಲೆ ಗುಂಡಿ ಒತ್ತುತ್ತಿದ್ದರು. "ನಕ್ರೆ ಫೋನಲ್ಲಿ ಕೇಳ್ಸತ್ತೆ" ಎಂಬುದು ಅವರ ನಂಬಿಕೆ. ಒಂದನೇ ದೀಪಕ್ಕೆ ದೇವಸ್ಥಾನದ ಪ್ರಾಂಗಣದಲ್ಲಿ ನಿಂತಂಥ ಮೆತ್ತಗಿನ ದನಿ, ಅದು ಅಗರಬತ್ತಿ. ನಾಲ್ಕನೆಯದಕ್ಕೆ ಚುರುಕು ಮೆಣಸಿನಕಾಯಿ, ಅದು ತೆರಿಗೆ. ಹನ್ನೊಂದನೆಯದು ಟ್ರಾವೆಲ್ಸ್, ಅದಕ್ಕೆ ಇಪ್ಪತ್ತೆರಡರ ಹುಡುಗಿ ಕಿಟಕಿ ಪಕ್ಕದ ಸೀಟು ಸಿಕ್ಕ ಖುಷಿಯಲ್ಲಿ ಮಾತಾಡಿದ ಹಾಗೆ. ಒಬ್ಬ ಮನುಷ್ಯ ತೆರಿಗೆಯವರಿಗೆ ಫೋನ್ ಮಾಡಿ, "ನೀವು ಬಹಳ ಒರಟು" ಎಂದು ಬೈದು, ಮರುಕ್ಷಣ ಅಗರಬತ್ತಿಯವರಿಗೆ ಮಾಡಿ, "ಅಮ್ಮಾ, ನಿಮ್ಮನ್ನ ನೋಡಿ ಬೇರೆಯವರು ಕಲೀಬೇಕು" ಅಂದದ್ದನ್ನು ನಾನೇ ಪಕ್ಕದಲ್ಲಿ ನಿಂತು, ಹೆಡ್‌ಫೋನಿಗೆ ಕಿವಿಯಿಟ್ಟು ಕೇಳಿದ್ದೇನೆ. ಮೇಡಂ ಇಬ್ಬರ ಪರವಾಗಿಯೂ ಥ್ಯಾಂಕ್ಸ್ ಹೇಳಿದರು.

ಆ ಹನ್ನೊಂದನೆಯ ದನಿಯಿಂದ ಒಂದು ಹೆಣ್ಣು ನೋಡುವ ಶಾಸ್ತ್ರವೇ ನಡೆದುಹೋಯಿತು. ತುಮಕೂರಿನ ಒಬ್ಬ ತಾಯಿ ಪ್ರವಾಸದ ವಿಚಾರಕ್ಕೆ ನಾಲ್ಕು ಸಲ ಫೋನ್ ಮಾಡಿ, ಈ ಹುಡುಗಿಯೇ ತನ್ನ ಸೊಸೆ ಎಂದು ನಿಶ್ಚಯಿಸಿ, ಮಗನನ್ನು ಇಸ್ತ್ರಿ ಷರಟಿನಲ್ಲಿ ಸುತ್ತಿಕೊಂಡು, ಹೂವು ಹಣ್ಣು ಸಮೇತ ಬಂದುಬಿಟ್ಟರು. "ಟ್ರಾವೆಲ್ಸ್‌ನಲ್ಲಿ ಫೋನ್ ತಗೊಳ್ಳೋ ಹುಡುಗಿ ಎಲ್ಲಮ್ಮ?"

"ನಾನೇ" ಅಂದರು ಮೇಡಂ.

ಆಕೆ ನಕ್ಕರು. ಮೇಡಂ ಹನ್ನೊಂದನೆಯ ದನಿಯಲ್ಲಿ ಒಂದು ನಮಸ್ಕಾರ ಹೇಳಿದರು. ಆಕೆಯ ನಗು ಅರ್ಧಕ್ಕೇ ನಿಂತಿತು. ಇಸ್ತ್ರಿ ಷರಟು ಗೋಡೆಗೆ ಒರಗಿತು.

"ವಯಸ್ಸು ಅರವತ್ತೊಂದು. ಮದುವೆ ಆಗಿದೆ. ಯಜಮಾನ್ರು ಮನೇಲಿ ಹುರುಳಿಕಾಯಿ ಬಿಡಿಸ್ತಿದ್ದಾರೆ. ಬಂದಿದೀರ, ಕೂತ್ಕೊಳಿ, ಕಾಫಿ ಕುಡೀರಿ" ಎಂದು ಮೇಡಂ ಅವರನ್ನು ಮೀಟಿಂಗ್ ರೂಮಿನಲ್ಲಿ ಕೂರಿಸಿದರು. ಹೊರಡುವಾಗ ಆ ತಾಯಿ ಹೂವನ್ನು ಮೇಡಂಗೇ ಮುಡಿಸಿ, ಕಾಶಿ ಪ್ರವಾಸಕ್ಕೆ ಮೂರು ಟಿಕೆಟ್ ಬರೆಸಿ ಹೋದರು.

ಅವರದೊಂದು ವ್ರತವಿತ್ತು. ದನಿ ಎಷ್ಟು ಬೇಕಾದರೂ ಬದಲಾಯಿಸುತ್ತಿದ್ದರು, ಸುಳ್ಳು ಮಾತ್ರ ಹೇಳುತ್ತಿರಲಿಲ್ಲ. ತೆರಿಗೆಯವರು "ನಾನಿಲ್ಲ ಅಂತ ಹೇಳಿ ಮೇಡಂ" ಎಂದು ಕೈಯಾಡಿಸಿದರೆ, "ಹಾಗಾದ್ರೆ ಆಚೆ ಹೋಗಿ" ಎನ್ನುತ್ತಿದ್ದರು. ಆ ಮನುಷ್ಯ ಎದ್ದು ಮೆಟ್ಟಿಲ ಬಳಿ ಹೋಗಿ ನಿಂತ ಮೇಲೆ, "ಹೊರಗಡೆ ಹೋಗಿದ್ದಾರೆ ಸರ್" ಎಂದು ಧೈರ್ಯವಾಗಿ ಹೇಳುತ್ತಿದ್ದರು. ಒಮ್ಮೆ ನಾನು, "ಮೀಟಿಂಗಲ್ಲಿದೀನಿ ಅಂದ್ಬಿಡಿ" ಎಂದು ಕೇಳಿಕೊಂಡೆ. ನಾಗೇಶನನ್ನು ಕರೆದು ನನ್ನೆದುರಿಗೆ ಕೂರಿಸಿದರು. "ಏನಾದ್ರೂ ಮಾತಾಡ್ಕೊಳಿ." ನಾವು ಅವತ್ತಿನ ಸಾರಿನ ಬಗ್ಗೆ ಮಾತಾಡಿದೆವು. ಮೇಡಂ ಫೋನಿಗೆ, "ಇಬ್ರೂ ಮೀಟಿಂಗಲ್ಲಿದ್ದಾರೆ" ಅಂದರು.

ಈ ವ್ರತ ನಮ್ಮ ಬುಡಕ್ಕೇ ಬರುವ ದಿನವೂ ಬಂತು.

ಆರು ತಿಂಗಳಾದರೂ ನಮಗೆ ಸಿಕ್ಕಿದ್ದು ಬಿಡಿ ರಿಪೇರಿಗಳೇ. ನಾಗೇಶ ಹಳೆಯ ಕಂಪನಿಗೆ ಮರಳುವ ಮಾತು ಎತ್ತಿದ್ದ. ಅದನ್ನು ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಹಿರಿಯರ ಫೋನು ಬಂತು. ನಿವೃತ್ತ ಇಂಜಿನಿಯರು, ಒಂಬತ್ತು ಅಪಾರ್ಟ್‌ಮೆಂಟುಗಳ ಉಸ್ತುವಾರಿ ಅವರದು. ಲಿಫ್ಟುಗಳನ್ನೆಲ್ಲ ಒಬ್ಬರಿಗೇ ವಹಿಸಬೇಕೆಂದಿದ್ದರು. "ನಿಮ್ಮಲ್ಲಿ ಎಷ್ಟು ಜನ ಇದ್ದೀರಮ್ಮ?" ಎಂದು ಕೇಳಿದರು. ನನ್ನ ಬಾಯಿಂದ "ಹದಿನೆಂಟು ಸರ್" ಎಂದು ಬಂತು. ಎಲ್ಲಿಂದ ಬಂತೋ ದೇವರೇ ಬಲ್ಲ. "ಬುಧವಾರ ಆಫೀಸ್ ನೋಡಕ್ಕೆ ಬರ್ತೀನಿ" ಎಂದು ಅವರು ಫೋನಿಟ್ಟರು.

ನಾನು ಗೂಡಿನಿಂದ ಗೂಡಿಗೆ ಓಡಿದೆ. ಅಗರಬತ್ತಿಯವರು ಬುಧವಾರ ಅರ್ಧ ಗಂಟೆ ನಮ್ಮ ಸ್ಟೋರ್ ಮ್ಯಾನೇಜರ್ ಆಗಲು ಒಪ್ಪಿದರು. ತೆರಿಗೆಯವರು ನಮ್ಮ ಚೀಫ್ ಇಂಜಿನಿಯರ್. ಟ್ರಾವೆಲ್ಸಿನ ಮೂವರು ತಾವೇ ಮುಂದೆ ಬಂದು ಹೆಲ್ಮೆಟ್ ತರುತ್ತೇವೆಂದರು. ಇಡೀ ಮಹಡಿಗೆ ನಾಟಕದ ಹುಚ್ಚು ಹಿಡಿಯಿತು. ಕೊನೆಗೆ ಮೇಡಂ ಬಳಿ ಹೋದೆ. ಅವರಿಗೆ ಆಗಲೇ ಗೊತ್ತಿತ್ತು.

"ನಾನಾಗಿ ಏನೂ ಹೇಳಲ್ಲ. ಆದ್ರೆ ಅವರು ಕೇಳಿದ್ರೆ, ಇಬ್ರು ಅಂತಲೇ ಹೇಳ್ತೀನಿ."

"ಮೇಡಂ, ಇದು ಹೋದ್ರೆ ಬಾಗಿಲು ಹಾಕ್ಬೇಕಾಗತ್ತೆ ನಾವು."

"ಗೊತ್ತಮ್ಮ. ನಾನೇನು ಸಂತೋಷಕ್ಕೆ ಹೇಳ್ತಿದೀನಾ?"

ಆವತ್ತು ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಧ್ಯಾಹ್ನದ ಕಾಫಿಯನ್ನೂ ಅವರ ಮೇಜಿನಿಂದ ತರಲು ಹೋಗಲಿಲ್ಲ. ಅವರೇ ತಂದು ಇಟ್ಟು ಹೋದರು.

ಬುಧವಾರ ಹನ್ನೊಂದಕ್ಕೆ ಹಿರಿಯರು ಬಂದರು. ನಮ್ಮ ಕಟ್ಟಡದ ಲಿಫ್ಟು ಜಾಲರಿ ಗೇಟಿನ ಹಳೆಯ ಪೆಟ್ಟಿಗೆ. ಅದರ ನಿರ್ವಹಣೆ ನಮ್ಮದಲ್ಲ. ನಾಗೇಶ ಎಷ್ಟೋ ಸಲ ಮಾಲೀಕರಿಗೆ ಎಚ್ಚರಿಸಿದ್ದ, ಅವರು ತಾತನ ಕಾಲದ್ದೆಂದು ಪ್ರೀತಿಯಿಂದ ಉಳಿಸಿಕೊಂಡಿದ್ದರು. ಹಿರಿಯರು ಕೆಳಗೆ ಲಿಫ್ಟ್ ಹತ್ತಿದರು. ಮೇಲೆ ಹೆಲ್ಮೆಟ್ ಧರಿಸಿದ ಟ್ರಾವೆಲ್ಸಿನವರು ಸಾಲಾಗಿ ನಿಂತರು. ಲಿಫ್ಟು ಗರಗರ ಎಂದು ಏರಿತು, ಎರಡನೆಯ ಮಹಡಿಗೆ ನಾಲ್ಕಡಿ ಇದೆ ಅನ್ನುವಾಗ ಕರೆಂಟು ಹೋಯಿತು.

ಆ ದೃಶ್ಯವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನೆಲದ ಮಟ್ಟದಲ್ಲಿ, ಜಾಲರಿಯ ಹಿಂದೆ, ಒಂದು ಬೋಳುತಲೆ, ಎರಡು ಕಣ್ಣು, ಒಂದು ಬಿಳಿ ಮೀಸೆ. ಲಿಫ್ಟ್ ಕಂಪನಿ ನೋಡಲು ಬಂದವರು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಹೆಲ್ಮೆಟ್ಟಿನವರು ಗಾಬರಿಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಚೀಫ್ ಇಂಜಿನಿಯರ್ ಮೆಟ್ಟಿಲ ಕಡೆ ಓಡಿದರು, ಅಭ್ಯಾಸಬಲ. ನಾಗೇಶ ಮಾತ್ರ ಸಾಲ ತಂದ ಕೋಟನ್ನು ಬಿಚ್ಚಿ ನನ್ನ ತಲೆಯ ಮೇಲೆ ಎಸೆದು, ಟಾರಸಿಯ ಮೆಷಿನ್ ರೂಮಿಗೆ ಹಾರಿದ. ಅದರ ಬೀಗದ ಕೈಯನ್ನು ಅವನು ಕೇಳುವ ಮೊದಲೇ ಮೇಡಂ ಡ್ರಾಯರಿನಿಂದ ತೆಗೆದು ಅವನ ಅಂಗೈಗೆ ಹಾಕಿದ್ದರು.

ಕೆಳಗಿನ ತಲೆ ಬೆವರುತ್ತಿತ್ತು. "ತೆಗೀರ್ರೀ! ಯಾರಾದ್ರೂ ತೆಗೀರ್ರೀ! ಉಸಿರು ಕಟ್ತಿದೆ!" ಎಂದು ಗೇಟು ಅಲ್ಲಾಡಿಸತೊಡಗಿದರು. ಮೇಡಂ ಎದ್ದು ಬಂದು, ಸೀರೆ ಸರಿಮಾಡಿಕೊಂಡು, ಜಾಲರಿಯ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಇಬ್ಬರ ಮುಖವೂ ಸರಿಸುಮಾರು ಸಮಕ್ಕೆ ಬಂತು.

"ಸರ್, ಗೇಟು ಬಿಡಿ. ಗಾಳಿ ಎಲ್ಲ ಕಡೆಯಿಂದ ಬರ್ತಿದೆ ನೋಡಿ. ಬೆಳಿಗ್ಗೆ ತಿಂಡಿ ಏನಾಯ್ತು?" ಮಜ್ಜಿಗೆಯ ದನಿ.

"ತಿಂಡೀನಾ?"

"ಹೂಂ ಸರ್. ಏನು ತಿಂದ್ರಿ?"

"ಉಪ್ಪಿಟ್ಟು."

"ಯಾರು ಮಾಡಿದ್ದು?"

"ನಾನೇ."

"ರವೆ ಹುರೀತೀರೋ ಇಲ್ವೋ?"

"ಹುರೀದೆ ಯಾರಮ್ಮ ಮಾಡ್ತಾರೆ?"

"ನಾನು ಹುರಿಯಲ್ಲ."

ಹಿರಿಯರು ಗೇಟು ಬಿಟ್ಟರು. ಹುರಿಯದ ರವೆಯ ಉಪ್ಪಿಟ್ಟು ಉಪ್ಪಿಟ್ಟೇ ಅಲ್ಲ, ಅದು ಗೋಡೆಗೆ ಪೋಸ್ಟರು ಅಂಟಿಸಲು ಲಾಯಕ್ಕು ಎಂದು ಬಹಳ ಹೊತ್ತು ವಾದಿಸಿದರು. ಮೇಡಂ ಪಟ್ಟು ಬಿಡಲಿಲ್ಲ. ಸಿಟ್ಟಿನಲ್ಲಿ ಆ ಮನುಷ್ಯ ಹೆದರಿಕೆಯನ್ನೇ ಮರೆತರು. ನಡುವೆ ಥಟ್ಟನೆ ಕೇಳಿದರು:

"ನೀವು ಆ ಏಣಿ ಕಂಪನಿಯವರಾ?"

"ಅಲ್ಲ ಸರ್. ಇಲ್ಲಿರೋ ಎಲ್ರಿಗೂ ಫೋನ್ ತಗೊಳ್ಳೋಳು ನಾನು."

"ಆ ಕಂಪನೀಲಿ ಎಷ್ಟು ಜನ ಇದ್ದಾರೆ?"

ನಾನು ಮೇಡಂ ಪಕ್ಕದಲ್ಲೇ, ಜಾಲರಿಯ ಬದಿಯ ಗೋಡೆಯ ಮರೆಗೆ ನಿಂತಿದ್ದೆ. ಎರಡೂ ಕೈ ಮುಗಿದೆ. ಮೇಡಂ ನನ್ನನ್ನು ನೋಡಿದರು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವರ ಮುಖ ಕರಗಿದ ಹಾಗೆ ಕಂಡಿತು.

"ಇಬ್ರು ಸರ್" ಅಂದರು. "ಒಬ್ರು ನಿಮ್ಮನ್ನ ಮೇಲೆ ತರಕ್ಕೆ ಟಾರಸಿಗೆ ಓಡಿದ್ದಾರೆ. ಇನ್ನೊಬ್ರು ಇಲ್ಲೇ ನನ್ನ ಪಕ್ಕ ಕೈ ಮುಗ್ಕೊಂಡು ನಿಂತಿದ್ದಾರೆ."

ನನ್ನ ಕಿವಿಯಲ್ಲಿ ರೈಲು ಹೋಗುತ್ತಿತ್ತು. ಆಮೇಲೆ ಬಿಳಿ ಮೀಸೆ ಅಲುಗಿತು. "ಹಾಗಾದ್ರೆ ಆ ಹೆಲ್ಮೆಟ್ಟಿನವರು ಯಾರು?"

"ಅವರು ಕಾಶಿಗೆ ಕರ್ಕೊಂಡು ಹೋಗ್ತಾರೆ ಸರ್."

ಹಿರಿಯರು ನಗಲು ಶುರು ಮಾಡಿದರು. ಮೊದಲು ಮೆಲ್ಲಗೆ, ಆಮೇಲೆ ಪೆಟ್ಟಿಗೆಯೇ ನಡುಗುವ ಹಾಗೆ. ಅಷ್ಟರಲ್ಲಿ ನಾಗೇಶ ಮೇಲಿಂದ ಕೂಗಿದ: "ಮೆಯಿನ್ ಆಫ್ ಮಾಡಿದೀನಿ! ಕೈಯಲ್ಲೇ ಚಕ್ರ ತಿರುಗಿಸ್ತೀನಿ, ನೆಲದ ಮಟ್ಟ ಬಂದ ತಕ್ಷಣ ಹೇಳಿ!" ಮೇಡಂ ಹಿರಿಯರಿಗೆ ಗೇಟಿನಿಂದ ಹಿಂದೆ ಸರಿದು ನಿಲ್ಲಲು ಹೇಳಿ, ಎದ್ದು ಮೆಟ್ಟಿಲ ಬಳಿ ನಿಂತು ಬಾಯಿ ತೆರೆದರು. ಅಲ್ಲಿಯ ತನಕ ನಾವು ಯಾರೂ ಕೇಳಿರದ ದನಿ ಅದು, ಸವೆದ ತಂತಿಯ ಮೇಲೆ ಊರೂರು ದಾಟಿಸಿ ಅಭ್ಯಾಸವಿದ್ದ ದನಿ. "ಬರ್ಲಿ... ಬರ್ಲಿ... ಇನ್ನೊಂದು ಮೊಳ... ಇನ್ನೊಂದು ಗೇಣು... ನಾಲ್ಕು ಬೆರಳು... ನಿಲ್ಸಪ್ಪಾ!" ಎದುರುಗಡೆ ಬ್ಯಾಂಕಿನ ಕಿಟಕಿಗಳಲ್ಲಿ ತಲೆಗಳು ಕಂಡವು. ಹಿರಿಯರು ನೆಲದ ಸಮಕ್ಕೆ ಬಂದು ನಿಂತರು.

ನಾಗೇಶ ಮೈಯೆಲ್ಲ ಗ್ರೀಸಾಗಿ ಇಳಿದು ಬಂದ. ನಾನು ಹಿರಿಯರ ಮುಂದೆ ನಿಂತು, "ಹದಿನೆಂಟು ಅಂದಿದ್ದು ಸುಳ್ಳು ಸರ್. ತಪ್ಪಾಯ್ತು" ಅಂದೆ. ಅವರು ನನ್ನನ್ನು ಬಿಟ್ಟು ನಾಗೇಶನ ಕೈಗಳನ್ನೇ ನೋಡುತ್ತಿದ್ದರು. ಕಾಫಿ ಕುಡಿದು, ಕರ್ಚೀಫಿನಿಂದ ತಲೆ ಒರೆಸಿಕೊಂಡು, ಹೇಳಿದರು: "ಒಂಬತ್ತು ಕೊಡಲ್ಲಮ್ಮ. ಸುಳ್ಳಿಗೆ ಏಳು ಹೋಯ್ತು. ಎರಡು ಕೊಡ್ತೀನಿ, ವರ್ಷ ನೋಡ್ತೀನಿ. ಫೋನ್ ಮಾತ್ರ ಇವರೇ ತಗೋಬೇಕು." ವರ್ಷ ಕಳೆದ ಮೇಲೆ ಉಳಿದ ಏಳೂ ಬಂದವು.

ಆವತ್ತು ಸಂಜೆ ನಾನೇ ಮೇಡಂ ಮೇಜಿಗೆ ಕಾಫಿ ತೆಗೆದುಕೊಂಡು ಹೋದೆ. ಲೋಟ ಅವರ ಮುಂದಿಟ್ಟೆ. ಅವರೇ ಮೆಲ್ಲಗೆ ಅಂದರು: "ನಿಜ ಹೇಳ್ಬಿಡ್ಲಾ? ರವೆ ನಾನೂ ಹುರೀತೀನಿ ಕಣೇ. ಅದೊಂದು ಸುಳ್ಳಾಯ್ತು. ದೇವರು ನೋಡ್ಕೋತಾನೆ." ಅಲ್ಲಿಯ ತನಕ ನನ್ನನ್ನು ನೀವು ಎನ್ನುತ್ತಿದ್ದವರು ಆವತ್ತಿನಿಂದ ನೀನು ಅಂದರು.

ಮೂರು ವರ್ಷ ಹೀಗೇ ಕಳೆಯಿತು. ಈ ಜನವರಿಯಲ್ಲಿ ಅವರು ಹೆಡ್‌ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿದ್ದನ್ನು ಗಮನಿಸಿದೆ. ಕೇಳಿದರೆ ಮಾತು ಹಾರಿಸಿದರು. ಒಂದು ದಿನ ಯಾರದೋ ನಂಬರಿನಲ್ಲಿ ಒಂದು ಅಂಕಿ ತಪ್ಪು ಬರೆದುಕೊಂಡರು. ಅದನ್ನು ಬೇರೆ ಯಾರೂ ಹೇಳುವ ಮೊದಲು ತಾವೇ ಮಾಲೀಕರ ಕೋಣೆಗೆ ಹೋಗಿ ಒಪ್ಪಿಕೊಂಡರು. ಮಾಲೀಕರು, "ಒಂದು ಕಿವಿ ಸಾಕಮ್ಮ, ನೀವಿರಿ" ಎಂದು ಗೋಗರೆದರಂತೆ. "ಹದಿನಾಲ್ಕು ಕಂಪನಿಗೆ ಒಂದು ಕಿವಿ ಸಾಲಲ್ಲಪ್ಪ" ಎಂದು ಎದ್ದು ಬಂದರು. ಬಂದು ಕೂತು ಮೇಜನ್ನು ಸುಮ್ಮನೆ ಒರೆಸಿದರು, ಎರಡು ಸಲ. ನಕ್ಕಿದ್ದರು, ಆದರೆ ಅದು ಫೋನಿನಲ್ಲಿ ಕೇಳುವಂಥ ನಗೆಯಲ್ಲ.

ಕೊನೆಯ ವಾರಗಳಲ್ಲಿ ಕರೆಗಳನ್ನು ಸ್ಪೀಕರಿನಲ್ಲಿ ಹಾಕಿಕೊಂಡು ಮಾತಾಡುತ್ತಿದ್ದರು. ಅದರಿಂದಲೇ ಆ ಕರೆ ನನ್ನ ಕಿವಿಗೂ ಬಿತ್ತು. ನಮ್ಮದೇ ದೀಪ ಹೊತ್ತಿತು. "ಏಣಿ ಲಿಫ್ಟ್ ಸರ್ವೀಸಸ್, ನಮಸ್ಕಾರ."

"ನಮಸ್ಕಾರ್ರಿ. ತ್ಯಾಗರಾಜನಗರದಿಂದ ಮಾತಾಡಾಕತ್ತೀನಿ. ನಮ್ಮ ಲಿಫ್ಟಿನ ಬಾಗಲಾ ಮುಚ್ಚವಲ್ದು ನೋಡ್ರಿ. ಲಗೂನ ಯಾರನ್ನರ ಕಳಸ್ರಿ." ವಯಸ್ಸಾದ ಹೆಂಗಸಿನ ದನಿ, ಉತ್ತರ ಕರ್ನಾಟಕದ್ದು.

ಮೇಡಂ ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು. ಮಜ್ಜಿಗೆಯ ದನಿ ಎಲ್ಲಿಯೋ ಹೋಗಿ, ಅವರದೇ ಸ್ವಂತ ದನಿ ಬಂತು, ಸ್ವಲ್ಪ ಒಡೆದು: "ಗದಗಾ?"

ಆ ಕಡೆಯಿಂದ, "ಯವ್ವಾ... ಬೆಂಗ್ಳೂರ?"

ಮೇಡಂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಉಳಿದ ಹದಿಮೂರು ದೀಪಗಳು ಹೊತ್ತಿಕೊಂಡು ಉರಿಯುತ್ತಿದ್ದವು. ಮೊದಲ ಬಾರಿಗೆ ಅವುಗಳನ್ನು ಯಾರೂ ಕೇಳಲಿಲ್ಲ.

ಕತೆ ಆಮೇಲೆ ಗೊತ್ತಾಯಿತು. ಟ್ರಂಕ್ ಕಾಲ್ ಕಾಲದಲ್ಲಿ ಬೆಂಗಳೂರಿನಿಂದ ಗದಗಿಗೆ ಸಂಪರ್ಕ ಕೊಡುವಾಗ ಆ ತುದಿಯಲ್ಲಿ ಇವರದೇ ವಯಸ್ಸಿನ ಒಬ್ಬಾಕೆ ಕೂರುತ್ತಿದ್ದರು. ಹನ್ನೊಂದು ವರ್ಷ ದಿನವೂ ಮಾತು. ಲೈನು ಖಾಲಿಯಿದ್ದಾಗ ಸೀರೆ, ಅತ್ತೆ, ಬಸಿರು, ಬಾಣಂತನ ಎಲ್ಲ ಆ ತಂತಿಯ ಮೇಲೇ ನಡೆದುಹೋಗಿತ್ತು. ಒಬ್ಬರನ್ನೊಬ್ಬರು ಕರೆಯುತ್ತಿದ್ದುದು ಊರಿನ ಹೆಸರಿನಿಂದ. ನೇರವಾಗಿ ನಂಬರು ತಿರುಗಿಸುವ ವ್ಯವಸ್ಥೆ ಬಂದ ಮೇಲೆ ಆ ಕುರ್ಚಿಗಳೇ ಇಲ್ಲವಾದವು. ವಿಳಾಸವಿಲ್ಲ, ಹೆಸರೂ ಇಲ್ಲ. "ಕೇಳೋದು ನೆನಪೇ ಆಗ್ಲಿಲ್ಲ ಕಣೆ. ಗದಗ ಎಲ್ಲಿ ಹೋಗತ್ತೆ ಅಂದ್ಕೊಂಡಿದ್ವಿ" ಅಂದರು ಮೇಡಂ. ಗದಗ ಎಂಟು ವರ್ಷದಿಂದ ತಂಗಿಯ ಜೊತೆ ತ್ಯಾಗರಾಜನಗರದಲ್ಲಿತ್ತು, ಶಂಕರಪುರದಿಂದ ನಡೆದು ಹೋಗುವಷ್ಟು ದೂರದಲ್ಲಿ.

ನಿವೃತ್ತಿಯಾದ ಮುಂದಿನ ಭಾನುವಾರ ಮೇಡಂ ನನ್ನನ್ನೂ ಕರೆದುಕೊಂಡು ಹೊರಟರು. ಆಟೋದಲ್ಲಿ ಮೂರು ಸಲ ಸೆರಗು ಸರಿಮಾಡಿಕೊಂಡರು. ನ್ಯಾಷನಲ್ ಕಾಲೇಜು ದಾಟುವಾಗ, "ವಾಪಸ್ ಹೋಗ್ಬಿಡೋಣ್ವಾ?" ಎಂದೂ ಕೇಳಿದರು. ಮೂರನೆಯ ಮಹಡಿ. ಬಾಗಿಲು ತೆರೆದವರು ಗಿಡ್ಡಗೆ, ಗುಂಡಗೆ, ದಪ್ಪ ಕನ್ನಡಕದವರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಪರಿಚಿತರನ್ನು ನೋಡುವ ಹಾಗೆ.

"ಬರ್ರಿ, ಕೂಡ್ರಿ."

"ಚೆನ್ನಾಗಿದೀರಾ?"

"ಆರಾಮ ಅದೀನ್ರಿ. ನೀವು?"

ಆಮೇಲೆ ಮಾತಿಲ್ಲ. ಫ್ಯಾನು ತಿರುಗಿತು. ಮೇಡಂ ಕ್ಯಾಲೆಂಡರು ನೋಡಿದರು, ಆಕೆ ತಮ್ಮ ಬಳೆ ನೋಡಿಕೊಂಡರು. ನಾನು ಬೆವರಿದೆ. ಹತ್ತು ನಿಮಿಷ ಇರಬೇಕು. ಹತ್ತು ವರ್ಷದ ಹಾಗಿತ್ತು. ಕೊನೆಗೆ ಆಕೆ ತಡೆಯಲಾರದೆ, "ಚಾ ಮಾಡ್ತೀನ್ರಿ" ಎಂದು ಒಳಗೆ ಹೋದರು.

ಅಡುಗೆಮನೆಯಿಂದ ದನಿ ಬಂತು: "ಸಕ್ರಿ ಎಷ್ಟ ಹಾಕ್ಲಿ?"

ಮೇಡಂ ಗೋಡೆ ನೋಡುತ್ತಲೇ, ತಮಗೇ ಅರಿವಿಲ್ಲದೆ, "ಒಂದೂವರೆ ಹಾಕು ಗದಗ!" ಅಂದರು.

"ಹಂಗಾರ ನಿನಗ ಇನ್ನೂ ಸಕ್ರಿ ಬ್ಯಾನಿ ಬಂದಿಲ್ಲೇನ? ಆ ನಿಮ್ಮತ್ತಿ ಇದ್ದಾಳೋ ಹೋದಳೋ?"

"ಹೋದ್ರು ಕಣೇ, ಅದೊಂದು ದೊಡ್ಡ ಕತೆ! ನಿನ್ನ ಆ ಮೈದುನ ಮದುವೆ ಆದ್ನಾ?"

"ಎರಡ ಸಲ ಆದಾ!"

ಕಟ್ಟೆ ಒಡೆಯಿತು. ಚಹಾ ಉಕ್ಕಿ ಒಲೆ ಆರಿತು, ಇಬ್ಬರಿಗೂ ಲಕ್ಷ್ಯವಿಲ್ಲ. ಆಕೆ ಲೋಟಗಳನ್ನು ಹಿಡಿದು ಹೊರಗೆ ಬಂದರು, ಎದುರಿಗೆ ಕೂತರು, ಮಾತು ಮತ್ತೆ ಥಟ್ಟನೆ ನಿಂತಿತು. ಇಬ್ಬರೂ ಪೆಚ್ಚಾಗಿ ನಕ್ಕರು.

"ಗದಗ, ಬೇಜಾರು ಮಾಡ್ಕೋಬೇಡ" ಅಂದರು ಮೇಡಂ. "ಮುಖ ನೋಡ್ಕೊಂಡು ನಂಗೆ ಮಾತೇ ಬರ್ತಿಲ್ಲ. ನೀನು ಒಳಗೇ ಹೋಗು."

"ನಾನೂ ಅದನ್ನ ಹೇಳಬೇಕಂತ ಮಾಡಿದ್ದೆ ನೋಡು!" ಎಂದು ಆಕೆ ತಮ್ಮ ಲೋಟ ತೆಗೆದುಕೊಂಡು, ಅಡುಗೆಮನೆಯಲ್ಲಿ ಬಾಗಿಲ ಮರೆಗೆ ಸ್ಟೂಲು ಎಳೆದುಕೊಂಡು ಕೂತರು. ಮೇಡಂ ಕುರ್ಚಿ ತಿರುಗಿಸಿ ಬಲಗಿವಿಯನ್ನು ಆ ಕಡೆಗೆ ಮಾಡಿ, ಕಣ್ಣು ಮುಚ್ಚಿದರು. ನಡುವೆ ಒಂದು ಗೋಡೆ. ಮೂವತ್ತು ಚಿಲ್ಲರೆ ವರ್ಷದ ಮಾತು ಅದರ ಆಚೆಗೂ ಈಚೆಗೂ ಹಾರತೊಡಗಿತು. ನಾನು ನಡುಮನೆಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ನಡುನಡುವೆ ಕಣ್ಣೊರೆಸಿಕೊಳ್ಳುತ್ತಿದ್ದೆ.

ಬಿಸಿಲು ಇಳಿದು, ಕೆಳಗೆ ಹೂವಿನವಳು ಕೂಗಿಕೊಂಡು ಹೋದಳು. ಹಿಂದೆ ಟ್ರಂಕ್ ಕಾಲ್ ಮಾಡಿದವರಿಗೆ ಮೂರು ನಿಮಿಷ ಆದ ಕೂಡಲೇ ಆಪರೇಟರು ನಡುವೆ ಬಂದು ಎಚ್ಚರಿಸಬೇಕಿತ್ತಂತೆ. ಅಡುಗೆಮನೆಯಿಂದ, ನಗು ತಡೆದ, ಸರ್ಕಾರಿ ಗತ್ತಿನ ದನಿಯೊಂದು ಕೇಳಿತು:

"ಬೆಂಗ್ಳೂರ, ಮೂರು ನಿಮಿಷ ಆತ್ರಿ. ಮುಂದುವರಸ್ತೀರೇನ?"

"ಮುಂದುವರ್ಸಿ ಗದಗ" ಅಂದರು ಮೇಡಂ, ಕಣ್ಣು ತೆರೆಯದೆ. "ಮುಂದುವರ್ಸಿ."